ಚಪ್ಪರ ತುಂಬ ಹೂ, ಕಾಯಿ ಮಾತ್ರ ಇಲ್ಲ. ಜೇನು ಪೆಟ್ಟಿಗೆ ತರಬೇಕಾ?

ಹಿತ್ತಲಗಿಡ, ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ನಮ್ಮದು ವಿನೋಬನಗರದ ಕಡೆ ಮನೆ. ಹಿಂದೆ ಸಣ್ಣ ಹಿತ್ತಲು, ಮೇಲೆ ತಾರಸಿ. ಈ ಸಲ ಹೀರೆ, ಸೌತೆ, ಸಿಹಿಗುಂಬಳ ಹಾಕಿದ್ದೇನೆ. ಬಳ್ಳಿ ಜೋರಾಗಿ ಬಂದಿದೆ, ಹೂವಿಗೂ ಕಮ್ಮಿ ಇಲ್ಲ. ಆದರೆ ಕಾಯಿ ಕಚ್ಚುತ್ತಿಲ್ಲ. ಕಿರುಬೆರಳಷ್ಟು ಮಿಡಿ ಬರುತ್ತದೆ, ಹಳದಿ ತಿರುಗುತ್ತದೆ, ಉದುರುತ್ತದೆ. ಪಕ್ಕದ ಮನೆ ಆಂಟಿ "ಜೇನೇ ಇಲ್ಲ ಕಣೇ, ಕಾಯಿ ಎಲ್ಲಿಂದ ಬರುತ್ತೆ" ಅಂದರು. ಬೆಳಗ್ಗೆ ಹೋಗಿ ನೋಡಿದರೆ ನಿಜವಾಗಿಯೂ ಒಂದು ಜೇನೂ ಕಾಣುವುದಿಲ್ಲ. ಒಂದು ಪೆಟ್ಟಿಗೆ ತಂದಿಟ್ಟರೆ ಸರಿಹೋಗುತ್ತದಾ? ಚೌತಿಯೊಳಗೆ ನಾಲ್ಕು ಸೌತೆಕಾಯಿ ಆದರೂ ಕೊಯ್ಯಬೇಕು ಅಂತ ಆಸೆ.

ತೋಟದ ದಾರಿ, ತೀರ್ಥಹಳ್ಳಿ:
ಮೊದಲು ಹೂವಿನ ಬುಡ ನೋಡಿ ಅಕ್ಕ. ಕೆಳಗೆ ಪುಟ್ಟ ಕಾಯಿ ಇದ್ದರೆ ಹೆಣ್ಣು ಹೂ, ಬರೀ ತೊಟ್ಟು ಇದ್ದರೆ ಗಂಡು. ಬಳ್ಳಿ ಶುರುವಿನಲ್ಲಿ ಬಿಡುವುದು ಹೆಚ್ಚಾಗಿ ಗಂಡು ಹೂವೇ. ಎಷ್ಟು ಜೇನು ಬಂದರೂ ಅದರಲ್ಲಿ ಕಾಯಿ ಆಗುವುದಿಲ್ಲ.

ಹಿತ್ತಲಗಿಡ, ಶಿವಮೊಗ್ಗ:
ಎರಡೂ ಇವೆ ಅಣ್ಣ. ಉದುರುತ್ತಿರುವುದು ಹೆಣ್ಣು ಹೂವಿನ ಮಿಡಿಯೇ.

ಮಿಸರಿ ಮನೆ, ಸಾಗರ:
ಹಾಗಿದ್ದರೆ ಪರಾಗ ಮುಟ್ಟುತ್ತಿಲ್ಲ. ಆದರೆ ಬೆಳಗ್ಗೆ ಹೋಗಿ ನೋಡಿದರೆ ಹೀರೆಯ ಕಥೆ ಗೊತ್ತಾಗುವುದಿಲ್ಲ. ಹೀರೆ ಅರಳುವುದು ಸಂಜೆ. ಸೋರೆ, ಪಡವಲ ಕೂಡ ಕತ್ತಲಾಗುವ ಹೊತ್ತಿಗೇ ಅರಳುತ್ತವೆ. ಅಲ್ಲಿಗೆ ಬರುವುದು ರಾತ್ರಿ ಪತಂಗಗಳು. ಸಿಹಿಗುಂಬಳ ಬೆಳಕು ಹರಿಯುವ ಮೊದಲೇ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಸೌತೆ, ಹಾಗಲ ಬೆಳಗಿನವು. ಅಂದರೆ ನಿಮ್ಮ ಒಂದೇ ಚಪ್ಪರಕ್ಕೆ ಹಗಲು ಪಾಳಿಯವರೂ ಬೇಕು, ರಾತ್ರಿ ಪಾಳಿಯವರೂ ಬೇಕು. ಪೆಟ್ಟಿಗೆಯ ಜೇನು ರಾತ್ರಿ ಪಾಳಿಗೆ ಬರುವುದಿಲ್ಲ.

ಚೌತಿಗೆ ಕಾಯಿ ಬೇಕು ಅಂದರೆ ಈಗ ಕೈಯಲ್ಲೇ ಮಾಡಿ. ಅವತ್ತೇ ಅರಳಿದ ಗಂಡು ಹೂ ಕಿತ್ತು ದಳ ಬಿಡಿಸಿ. ನಡುವೆ ಹಳದಿ ಪುಡಿ ಮೆತ್ತಿದ ಕಡ್ಡಿ ಉಳಿಯುತ್ತದೆ. ಅದನ್ನು ಹೆಣ್ಣು ಹೂವಿನ ನಡುವಿನ ಅಂಟಂಟು ಭಾಗಕ್ಕೆ ಮೆತ್ತಗೆ ಸವರಿ. ಸೌತೆ, ಕುಂಬಳಕ್ಕೆ ಬೆಳಗ್ಗೆ ಬೇಗ. ಹೀರೆಗೆ ಸಂಜೆ. ಪುಡಿ ಮಳೆಗೆ ತೊಯ್ದಿದ್ದರೆ ಅವತ್ತು ಬಿಟ್ಟುಬಿಡಿ. ವೆನಿಲ್ಲಾ ಬೆಳೆಯುತ್ತಿದ್ದ ಕಾಲದಲ್ಲಿ ನಮ್ಮೂರಿನ ಹೆಂಗಸರೆಲ್ಲ ಬೆಳಗಾದರೆ ಕಡ್ಡಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದರು, ಅದೂ ಇದೇ ಕೆಲಸ.

ಪೆಟ್ಟಿಗೆ ವಿಚಾರ ರಾತ್ರಿ ಬರೆಯುತ್ತೇನೆ. ಈಗ ಹಾಲು ಕರೆಯುವ ಹೊತ್ತು.

ಬಾಲ್ಕನಿ ಬದನೆ, ಶಿವಮೊಗ್ಗ:
ನಾನೂ ಪೆಟ್ಟಿಗೆ ನೋಡಿಟ್ಟಿದ್ದೇನೆ. ಜೇನುತುಪ್ಪವೂ ಸಿಗುತ್ತದೆ, ಗಿಡಕ್ಕೂ ಒಳ್ಳೆಯದು ಅಲ್ವಾ? ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನವೂ ಇದೆ ಅಂತ ಕೇಳಿದ್ದೇನೆ. ಬೇಡ ಅನ್ನುವುದಕ್ಕೆ ಏನು ಕಾರಣ?

ಮಿಸರಿ ಮನೆ, ಸಾಗರ:
ಬೇಡ ಅನ್ನುವುದಿಲ್ಲ. ಪೆಟ್ಟಿಗೆ ಕೊನೆಗೆ ಮಾಡುವ ಕೆಲಸ, ಮೊದಲಿಗಲ್ಲ ಅಂತ ಹೇಳುತ್ತೇನೆ.

ನಮ್ಮ ಕಡೆ ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ. ಬೇಸಿಗೆಯಲ್ಲಿ ಅದಕ್ಕೆ ಹಬ್ಬ. ಮತ್ತಿ, ನೇರಳೆ, ಹೊಂಗೆ ಅಂತ ಒಂದಾದ ಮೇಲೊಂದು ಕಾಡುಮರ ಹೂ ಬಿಡುತ್ತವೆ. ಜೂನ್ ಬಂತೆಂದರೆ ಮುಗಿಯಿತು. ಹಾರೋಣ ಅಂದರೆ ಮಳೆ ಬಿಡುವುದಿಲ್ಲ, ಹಾರಿದರೂ ಹೂ ಇಲ್ಲ. ಆಗ ಸಕ್ಕರೆ, ನೀರು ಸಮಸಮ ಸೇರಿಸಿ ಪಾನಕ ಮಾಡಿ ಸಂಜೆ ಹೊತ್ತು ಪೆಟ್ಟಿಗೆಯೊಳಗೆ ಇಡಬೇಕು. ಹೊರಗೆ ಚೆಲ್ಲಿದಿರೋ, ಬೇರೆ ಕುಟುಂಬದ ಜೇನು ಬಂದು ದೋಚುತ್ತದೆ. ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡಬೇಕು. ಕುಟುಂಬ ಸೊರಗಿದರೆ ಮೇಣದ ಹುಳು ಹೊಕ್ಕು ಎರಿಗೆಲ್ಲ (ಜೇನು ಕಟ್ಟಿದ ಮೇಣದ ತಟ್ಟಿಗೆ) ಬಲೆ ಕಟ್ಟುತ್ತದೆ. ಅಷ್ಟಾದ ಮೇಲೆ ತುಡುವೆ ಅಲ್ಲಿ ಕೂರುವುದಿಲ್ಲ, ಹೇಳದೆ ಕೇಳದೆ ಎದ್ದು ಹೋಗುತ್ತದೆ. ಜೇನಿನ ಮೇಲೆ ಪ್ರೀತಿ ಇದೆ ಅಂತ ಪೆಟ್ಟಿಗೆ ತಂದು ಮಳೆಗಾಲದಲ್ಲಿ ಮುಚ್ಚಳ ತೆಗೆದೂ ನೋಡದವರು ಬೇಕಾದಷ್ಟು ಜನ ಇದ್ದಾರೆ.

ರೋಗದ ಭಯವೂ ಇದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ಬಂದು ದಕ್ಷಿಣದಲ್ಲಿ ತುಡುವೆ ಸಾಕಣೆಯೇ ನೆಲಕಚ್ಚಿತು. ಎರಿಯ ಕಣ್ಣಿನೊಳಗೇ ಮರಿಹುಳು ಸತ್ತು, ನೀರು ತುಂಬಿದ ಚೀಲ ಆಗಿಬಿಡುತ್ತದೆ. ಅದಕ್ಕೆ ಔಷಧಿ ಇಲ್ಲ. ಆದ್ದರಿಂದ ದೂರದ ಊರಿಂದ ಕುಟುಂಬ ತರಿಸಬೇಡಿ. ಸುತ್ತಮುತ್ತ ಸಾಕುವವರ ಹತ್ತಿರ, ಅವರ ಪೆಟ್ಟಿಗೆ ತೆಗೆಸಿ ನೋಡಿ ತನ್ನಿ.

ಎಲ್ಲಕ್ಕಿಂತ ಮುಖ್ಯ, ತುಡುವೆ ನಿಮ್ಮ ಚಪ್ಪರಕ್ಕೆ ಮಾತ್ರ ದುಡಿಯುವುದಿಲ್ಲ. ಒಂದು ಕಿಲೋಮೀಟರ್ ಆಚೆಗೂ ಮೇಯಲು ಹೋಗುತ್ತದೆ. ಸುತ್ತ ಹೂವೇ ಇಲ್ಲದೆ ಪೆಟ್ಟಿಗೆ ಇಡುವುದು, ಮೇವಿಲ್ಲದ ಊರಿಗೆ ಹಸು ಹೊಡೆದುಕೊಂಡು ಬಂದ ಹಾಗೆ.

ಪೇಟೆ ಮನೆಯಲ್ಲಿ ಏನಾದರೂ ಸಾಕಲೇಬೇಕು ಅಂದರೆ ಮಿಸರಿ ಅನ್ನುವ ಪುಟ್ಟ ಜೇನು ಸಾಕಿ. ನಸರಿ ಅಂತಲೂ ಕರೆಯುತ್ತಾರೆ, ಘಟ್ಟದ ಕೆಳಗಿನವರಿಗೆ ಅದು ಮುಜಂಟಿ. ಕುಟುಕುವುದಿಲ್ಲ, ಮಕ್ಕಳಿದ್ದರೂ ಹೆದರಿಕೆ ಇಲ್ಲ. ಉದ್ದ ನಾಲ್ಕು ಮಿಲಿಮೀಟರ್ ಆಸುಪಾಸು. ಕೆಲವು ನೂರು ಮೀಟರ್ ಒಳಗೇ ಓಡಾಡುವ ಕಾರಣ ನಿಮ್ಮ ಗಿಡಕ್ಕೆ ಹೆಚ್ಚು ಉಪಯೋಗ. ಮಡಕೆ, ಬಿದಿರಂಡೆ, ಸಣ್ಣ ಮರದ ಡಬ್ಬ ಯಾವುದಾದರೂ ಸಾಕು. ಬಾಗಿಲಲ್ಲಿ ಅಂಟು ಮೇಣದಿಂದ ಬೆರಳುದ್ದದ ಕೊಳವೆ ಕಟ್ಟಿಕೊಳ್ಳುತ್ತದೆ. ಹತ್ತಿರ ಹೋಗಿ ನೋಡಿ, ಕೊಳವೆಯ ಬಾಯಿ ಸುತ್ತ ಕಾವಲಿನ ತಲೆಗಳು ಸಾಲಾಗಿ ಕಾಣುತ್ತವೆ. ಇರುವೆ ಬಂದರೆ ಅದರ ಮೈಗೇ ಅಂಟು ಮೆತ್ತಿ ಕೂರಿಸುತ್ತವೆ! ತುಪ್ಪ ಸಿಗುವುದು ಸ್ವಲ್ಪ, ಬೆಲೆ ಜಾಸ್ತಿ. ಆ ಬೆಲೆಯ ಆಸೆಗೆ ಕಾಡಿನಲ್ಲಿ, ಹಳೇ ಗೋಡೆಯಲ್ಲಿ ಗೂಡು ಒಡೆದು ಮರಿಮೊಟ್ಟೆ ಸಮೇತ ಹಿಂಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥವರ ಹತ್ತಿರ ತುಪ್ಪ ಕೊಳ್ಳಬೇಡಿ.

ಡೇರೆಗೆಡ್ಡೆ, ಹೊಸನಗರ:
ಗೋಡೆಯ ವಿಷಯ ಬಂದದ್ದು ಒಳ್ಳೆಯದಾಯಿತು. ಈಗ ಎಲ್ಲರೂ ಮಣ್ಣಿನ ಗೋಡೆಯ ಮನೆ ಕೆಡವಿ ಆರ್‌ಸಿಸಿ ಮಾಡಿಸುತ್ತಿದ್ದಾರೆ. ಆ ಗೋಡೆಗಳಲ್ಲಿ ಮಿಸರಿ ಇರುವುದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ನಮ್ಮ ಹಳೇ ಮನೆ ಕೆಡಹುವ ಮೊದಲು ಗೊತ್ತಿದ್ದವರನ್ನು ಕರೆಸಿ ಗೂಡನ್ನು ಮಡಕೆಗೆ ಹಾಕಿಸಿದೆವು. ಈಗ ಕೊಟ್ಟಿಗೆ ಮಾಡಿನಡಿ ಇದೆ.

ನನ್ನದೊಂದು ಪ್ರಶ್ನೆ. ನಮ್ಮ ಅಂಗಳದಲ್ಲಿ ಹೂವಿಗೆ ಬರ ಇಲ್ಲ. ಮಳೆಗಾಲ ಬಂತೆಂದರೆ ಡೇರೆಯದ್ದೇ ಸಾಮ್ರಾಜ್ಯ. ನೆಂಟರ ಮನೆಗೆ ಹೋದರೆ ಗೆಡ್ಡೆ ಇಲ್ಲದೆ ವಾಪಸ್ ಬರುವವಳಲ್ಲ ನಾನು. ಅಷ್ಟಿದ್ದರೂ ಜೇನು ಡೇರೆಯ ಮೇಲೆ ಕೂರುವುದೇ ಇಲ್ಲ. ಪಕ್ಕದಲ್ಲೇ ಬೇಲಿ ಸಂದಿಯ ತುಂಬೆ ಗಿಡಕ್ಕೆ ಮುತ್ತಿಕೊಂಡಿರುತ್ತದೆ. ಏನು ಮಾರಾಯ್ರೆ ಇದು?

ನವುಲೆ ಹುಡುಗ, ಶಿವಮೊಗ್ಗ:
ಅಕ್ಕ, ನಿಮ್ಮದು ಗುಂಡಗೆ ತುಂಬಿದ, ಪದರ ಪದರದ ಡೇರೆ ಇರಬೇಕು. ಎಸಳು ಜಾಸ್ತಿ ಬರಲಿ ಅಂತ ಆರಿಸಿ ಆರಿಸಿ ಬೆಳೆಸಿದ ತಳಿಗಳವು. ನಡುವೆ ಪರಾಗ, ಮಕರಂದ ಕೊಡಬೇಕಾದ ಸಣ್ಣ ಹೂಗಳೆಲ್ಲ ಎಸಳಾಗಿ ಹೋಗಿವೆ. ಇದ್ದರೂ ಒಳಗೆ ಮುಚ್ಚಿಹೋಗಿ ಹುಳುವಿಗೆ ಸಿಗುವುದಿಲ್ಲ. ಮುದ್ದೆ ದಾಸವಾಳವೂ ಹೀಗೆಯೇ. ಒಂಟಿ ಸುತ್ತಿನ ಎಸಳು, ನಡುವೆ ಹಳದಿ ತಟ್ಟೆ ಕಾಣುವ ಡೇರೆ ಹಾಕಿ ನೋಡಿ, ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಬರುತ್ತವೆ. ಒಂದೆಸಳಿನ ದಾಸವಾಳಕ್ಕೆ ಸೂರಕ್ಕಿಯೂ ಬರುತ್ತದೆ.

ಮಲೆನಾಡಿನಲ್ಲಿ ಹೂವಿನ ಗಿಡ ಹಾಕುವಾಗ ಬೇಸಿಗೆಯ ಯೋಚನೆ ಬೇಡ, ಕಾಡೇ ನೋಡಿಕೊಳ್ಳುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಏನು ಅರಳುತ್ತದೆ ಅನ್ನುವುದೇ ಪ್ರಶ್ನೆ. ನಾವು ಕಳೆ ಅಂತ ಕೀಳುವ ನಾಚಿಕೆಮುಳ್ಳು ಮಳೆಗಾಲದಲ್ಲಿ ಜೇನಿಗೆ ಪರಾಗ ಕೊಡುವ ಗಿಡ. ತುಂಬೆ ಇದ್ದೇ ಇದೆ. ಕರ್ಣಕುಂಡಲ ಸುಮ್ನೆ ಬೀಜ ಸಿಡಿಸಿಕೊಂಡು ತಾನೇ ಹಬ್ಬುತ್ತದೆ. ಬೇಲಿಗೆ ಆಂಟಿಗೋನಾನ್ ಬಳ್ಳಿ ಹಬ್ಬಿಸಿದರೆ ವರ್ಷದ ಬಹುಪಾಲು ಹೂ ಇರುತ್ತದೆ. ಮಳೆ ಹಿಂದಾಗುವಾಗ ಹುಚ್ಚೆಳ್ಳು. ತುಳಸಿ, ಕಾಮಕಸ್ತೂರಿಯ ಕದಿರನ್ನು ಎಲ್ಲವೂ ಚಿವುಟಬೇಡಿ, ಒಂದಿಷ್ಟು ಬಿಡಿ. ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿಯೂ ಹಾಗೆಯೇ, ನಾಲ್ಕು ಗಿಡ ಹೂವಿಗೆ ಹೋಗಲಿ. ಕೊತ್ತಂಬರಿ ಹೂವಿಗೆ ಬರುವಷ್ಟು ಬಗೆಯ ಸಣ್ಣ ನೊಣ, ಸಣ್ಣ ಜೇನು ಗುಲಾಬಿಗೆ ಬರುವುದಿಲ್ಲ.

ನೊಣ ಅಂದರೆ ಮುಖ ಸಿಂಡರಿಸಬೇಡಿ. ಮಾವಿನ ಹೂವಿನ ಕೆಲಸ ಬಹಳಷ್ಟು ಮಾಡುವುದು ನೊಣಗಳೇ. ನಿಮ್ಮ ಹೊಸನಗರ, ರಿಪ್ಪನ್‌ಪೇಟೆಯ ಅಪ್ಪೆಮಿಡಿಗೂ ಅವುಗಳ ಋಣ ಇದೆ.

ಬಾಲ್ಕನಿ ಬದನೆ, ಶಿವಮೊಗ್ಗ:
ನನ್ನ ಬಾಲ್ಕನಿಯ ಬದನೆಗೆ ನೀಲಿ ಪಟ್ಟೆ ಇರುವ ಒಂದು ಹುಳು ಬರುತ್ತದೆ. ಹೂವಿಗೆ ತೂಗುಬಿದ್ದು ಝುಂಯ್ ಅಂತ ಸದ್ದು ಮಾಡಿ ಹೋಗುತ್ತದೆ. ಓಡಿಸಬೇಕಾ?

ನವುಲೆ ಹುಡುಗ, ಶಿವಮೊಗ್ಗ:
ದಯವಿಟ್ಟು ಓಡಿಸಬೇಡಿ! ಅದು ನೀಲಿಪಟ್ಟೆ ಜೇನು, ಬದನೆಗೆ ಅದಕ್ಕಿಂತ ಒಳ್ಳೆಯ ಅತಿಥಿ ಇಲ್ಲ. ಬದನೆ, ಟೊಮೆಟೊ ಹೂವಿನಲ್ಲಿ ಪರಾಗ ಕೊಳವೆಯ ಒಳಗಿರುತ್ತದೆ, ತುದಿಯಲ್ಲಿ ಸಣ್ಣ ತೂತು. ಗಾಳಿಗೆ ಸ್ವಲ್ಪ ಉದುರುತ್ತದೆ ನಿಜ. ಆದರೆ ಈ ಜೇನು ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಿಚ್ಚದೆ ರೆಕ್ಕೆಯ ಸ್ನಾಯುವನ್ನು ಮಾತ್ರ ನಡುಗಿಸುತ್ತದೆ. ಆ ನಡುಕಕ್ಕೆ ಪರಾಗ ಒಮ್ಮೆಲೇ ಸುರಿಯುತ್ತದೆ. ನೀವು ಕೇಳಿದ ಝುಂಯ್ ಅದೇ. ತುಡುವೆ, ಹೆಜ್ಜೇನು, ಇಟಾಲಿಯನ್ ಜೇನು ಯಾವುದಕ್ಕೂ ಈ ವಿದ್ಯೆ ಬರುವುದಿಲ್ಲ. ಸಾವಿರ ಕೊಟ್ಟು ಪೆಟ್ಟಿಗೆ ತಂದರೂ ಬದನೆಗೆ ಈ ಒಂಟಿ ಜೇನೇ ಮೇಲು.

ಅದಕ್ಕೆ ಗೂಡು ಕಟ್ಟಲು ಮಣ್ಣು ಬೇಕು. ಧರೆ (ಕಡಿದ ಮಣ್ಣಿನ ದಿಬ್ಬದ ಬದಿ), ಮಣ್ಣಿನ ಗೋಡೆ, ಮಳೆ ಬೀಳದ ಒಣ ಮೂಲೆ. ಸಂಜೆ ಹೊತ್ತು ಗಂಡುಗಳು ಒಣಕಡ್ಡಿಯನ್ನು ಬಾಯಲ್ಲಿ ಕಚ್ಚಿ ಹಿಡಿದು ಸಾಲಾಗಿ ಮಲಗಿರುತ್ತವೆ. ಟಾರ್ಚ್ ಹಿಡಿದು ಹುಡುಕಿ, ಸಿಗಬಹುದು.

ಧರೆಗೆಲ್ಲ ಸಿಮೆಂಟ್ ಬಳಿಯುವುದು, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವುದು, ಉಳಿದ ಕಡೆ ಪ್ಲಾಸ್ಟಿಕ್ ಹೊದಿಸುವುದು ಈಗ ಫ್ಯಾಷನ್ ಆಗಿದೆ. ಜೇನಿನ ಜಾತಿಗಳಲ್ಲಿ ಹೆಚ್ಚಿನವು ನೆಲದಲ್ಲೇ ಗೂಡು ಮಾಡುವವು. ಹಿತ್ತಲಿನ ಒಂದು ಮೂಲೆ ಬರಿ ಮಣ್ಣಾಗಿ ಇರಲಿ, ಬಿಸಿಲು ಬೀಳುವ ಕಡೆ. ಗುಲಾಬಿ ಎಲೆಯ ಅಂಚನ್ನು ಯಾರೋ ಕತ್ತರಿಯಲ್ಲಿ ಅರ್ಧಚಂದ್ರ ಕತ್ತರಿಸಿದ ಹಾಗೆ ಕಂಡರೆ ಔಷಧಿ ಹುಡುಕಬೇಡಿ, ಅದೂ ಜೇನೇ. ಗೂಡಿಗೆ ಒಯ್ಯುತ್ತದೆ, ಗಿಡಕ್ಕೆ ಏನೂ ಆಗುವುದಿಲ್ಲ.

ಆಗುಂಬೆ ಮಳೆ:
ನಮ್ಮ ಮನೆ ಪಕಾಸಿಗೆ (ಮಾಡಿನ ಮರಕ್ಕೆ) ಕರೀ ದುಂಬಿ ತೂತು ಕೊರೆಯುತ್ತಿದೆ, ಕೆಳಗೆ ಹಿಟ್ಟು ಸುರಿದಿರುತ್ತದೆ. ಅದಕ್ಕೂ ಆತಿಥ್ಯ ಮಾಡಬೇಕಾ?

ಮಿಸರಿ ಮನೆ, ಸಾಗರ:
ಮಾಡಿ, ಮನೆಯಿಂದ ಆಚೆ ಮಾಡಿ. ಒಣ ಬಿದಿರಿನ ತುಂಡು, ಹಳೇ ಮೆತ್ತಗಿನ ಮರದ ದಿಮ್ಮಿ ಹಿತ್ತಲಲ್ಲಿ ಮಳೆ ತಾಗದ ಕಡೆ ಕಟ್ಟಿ. ಪಕಾಸಿಗೆ ಬಣ್ಣ ಬಳಿಯಿರಿ, ಬಣ್ಣ ಇದ್ದ ಮರ ಅದಕ್ಕೆ ಅಷ್ಟು ಇಷ್ಟ ಇಲ್ಲ. ದುಂಬಿ ಮರ ತಿನ್ನುವುದಿಲ್ಲ, ಮೊಟ್ಟೆ ಇಡಲು ಕೊರೆಯುತ್ತದೆ ಅಷ್ಟೇ. ಮುಖದ ಮುಂದೆ ಹಾರಾಡಿ ಹೆದರಿಸುವುದು ಗಂಡು, ಅದಕ್ಕೆ ಮುಳ್ಳೇ ಇಲ್ಲ. ಮನೆಯಲ್ಲಿ ಪ್ಯಾಶನ್ ಫ್ರೂಟ್ ಬಳ್ಳಿ ಇದ್ದರೆ ದುಂಬಿ ಬೇಕೇ ಬೇಕು. ಆ ಹೂವಿನ ಮೇಲೆ ತುಡುವೆ ಕೂತರೆ ಕೇಸರ ಬೆನ್ನಿಗೆ ತಾಗುವುದೇ ಇಲ್ಲ, ದುಂಬಿಯ ಗಾತ್ರಕ್ಕೇ ತಾಗುವುದು.

ತೋಟದ ದಾರಿ, ತೀರ್ಥಹಳ್ಳಿ:
ಎಲ್ಲ ಕೇಳಲಿಕ್ಕೆ ಚೆನ್ನಾಗಿದೆ. ಔಷಧಿ ವಿಷಯ ಯಾರೂ ಎತ್ತುತ್ತಿಲ್ಲ, ನಾನೇ ಎತ್ತುತ್ತೇನೆ. ಮನೆ ಹಿತ್ತಲು ಮುಗಿದಲ್ಲಿಂದ ನಮ್ಮ ಅಡಿಕೆ ತೋಟ ಶುರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಅಡಿಕೆ ಬುಡಕ್ಕೆ ಬೀಳುತ್ತದೆ. ಈಗ ಎಲೆಚುಕ್ಕೆ ರೋಗ ಬೇರೆ. ಜೇನು ಉಳಿಸಿ ಅಂತ ಪೇಟೆಯವರು ಹೇಳುವಾಗ ನಮ್ಮ ಹೊಟ್ಟೆಪಾಡು ಯಾರಿಗೂ ನೆನಪಾಗುವುದಿಲ್ಲ.

ನವುಲೆ ಹುಡುಗ, ಶಿವಮೊಗ್ಗ:
ಅಣ್ಣ, ಬೋರ್ಡೋ ಬಿಡಿ ಅಂತ ಯಾರೂ ಹೇಳುವುದಿಲ್ಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಅದು ಶಿಲೀಂಧ್ರಕ್ಕೆ ಹೊಡೆಯುವುದು. ಕೀಟನಾಶಕದ ಹಾಗೆ ಜೇನನ್ನು ಕೆಡವುವುದಿಲ್ಲ. ತೊಂದರೆ ಬೆರಕೆಯಲ್ಲಿದೆ. ಹೇಗೂ ಕೊನೆಗಾರ ಮರ ಹತ್ತುತ್ತಾನೆ, ಒಂದೇ ಸಲಕ್ಕೆ ಆಗಲಿ ಅಂತ ಕೀಟನಾಶಕವನ್ನೂ ಸೇರಿಸಿ ಹೊಡೆಯುತ್ತಾರಲ್ಲ, ಅದು. ಎಲೆಚುಕ್ಕೆಗೆ ಹೊಡೆಯುವ ಪ್ರೊಪಿಕೊನಜೋಲ್ ಒಂದೇ ಇದ್ದರೆ ಜೇನಿಗೆ ಅಷ್ಟು ಅಪಾಯ ಇಲ್ಲ. ಆದರೆ ಹುಳು ತನ್ನ ಮೈಯೊಳಗೆ ಸೇರಿದ ವಿಷವನ್ನು ಕರಗಿಸಿಕೊಳ್ಳುವ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಜೊತೆಗೆ ಕೀಟನಾಶಕ ಸೇರಿದರೆ ಅದರ ವಿಷ ಜೇನಿಗೆ ಎಷ್ಟೋ ಪಟ್ಟು ಏರುತ್ತದೆ. ಬೇರೆ ಬೇರೆ ಹೊಡೆಯಿರಿ, ಬೇಕಾದಾಗ ಮಾತ್ರ ಹೊಡೆಯಿರಿ. ಹೊಡೆಯುವ ದಿನ ಮಿಸರಿ ಮಡಕೆ, ತುಡುವೆ ಪೆಟ್ಟಿಗೆ ಇದ್ದವರಿಗೆ ಮೊದಲೇ ಒಂದು ಮಾತು ಹೇಳಿ.

ನಿಜ ಹೇಳಬೇಕೆಂದರೆ ತೋಟದವರಿಗಿಂತ ಪೇಟೆಯ ಹಿತ್ತಲಿನವರು ಅಳತೆ ಮೀರುತ್ತಾರೆ. ಬೆಂಡೆಗೆ ಹೇನು ಕಂಡ ಕೂಡಲೇ ಅಂಗಡಿಯಲ್ಲಿ ಕೊಟ್ಟ ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಹೊಡೆಯುತ್ತಾರೆ, ಬಾಟಲಿಯ ಮುಚ್ಚಳದಲ್ಲಿ ಅಂದಾಜು ಅಳತೆ. ಅದು ಗಿಡದ ರಸಕ್ಕೆ ಸೇರುತ್ತದೆ, ಹೂವಿನ ಪರಾಗ, ಮಕರಂದಕ್ಕೂ ಬರುತ್ತದೆ. ಯುರೋಪಿನಲ್ಲಿ ಅದನ್ನೂ ಅದರ ಜೊತೆಗಿನ ಇನ್ನೆರಡನ್ನೂ 2018ರಲ್ಲಿ ಬಯಲಿನ ಬೆಳೆಗೆ ನಿಷೇಧಿಸಿದರು. ಮನೆ ಬಳಕೆಯ ನಾಲ್ಕು ಬೆಂಡೆ ಗಿಡಕ್ಕೆ ಅದು ಯಾಕೆ ಬೇಕು? ಹೇನಿಗೆ ನೀರು ರಭಸವಾಗಿ ಬಿಟ್ಟರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಬೇವಿನೆಣ್ಣೆ, ಸೋಪಿನ ನೀರು. ಅದನ್ನೂ ಸಂಜೆ ಜೇನು ಗೂಡಿಗೆ ಹೋದ ಮೇಲೆ, ಹೂವಿಗೆ ತಾಗದ ಹಾಗೆ.

ತೋಟದ ದಾರಿ, ತೀರ್ಥಹಳ್ಳಿ:
ಬೆರಕೆಯ ಮಾತು ಒಪ್ಪಿದೆ. ನಮ್ಮಲ್ಲಿ ಅಂಗಡಿಯವರೇ ಎರಡು ಬಾಟಲಿ ಒಟ್ಟಿಗೆ ಕೈಗೆ ಕೊಡುತ್ತಾರೆ, ನಾವು ಕೇಳುವುದಿಲ್ಲ. ಹಾಗೆ ನೋಡಿದರೆ ನಮ್ಮ ಏಲಕ್ಕಿಗೆ ಜೇನಿಲ್ಲದೆ ಕಾಯಿಲ್ಲ. ಮೆಣಸಿಗೆ ಮಾತ್ರ ಅದರ ಹಂಗಿಲ್ಲ, ಕರೆಯ (ಮೆಣಸಿನ ಹೂಗೊಂಚಲಿನ) ಮೇಲಿಂದ ಇಳಿಯುವ ಮಳೆಹನಿಯೇ ಪರಾಗ ಇಳಿಸುತ್ತದೆ.

ಹಿತ್ತಲಗಿಡ, ಶಿವಮೊಗ್ಗ:
ಸಂಜೆ ಟಾರ್ಚ್ ಹಿಡಿದು ಹೀರೆ ಚಪ್ಪರದ ಕೆಳಗೆ ನಿಂತಿದ್ದೆ. ದೊಡ್ಡ ಪತಂಗ ಒಂದು ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದ ಸೊಂಡಿಲು ಇಳಿಸಿ ಮುಂದಿನದಕ್ಕೆ ಹೋಯಿತು. ಬಂದದ್ದು ಅದೊಂದೇ. ನಮ್ಮ ಮನೆ ಹಿಂದಿನ ದೀಪ ರಾತ್ರಿಯಿಡೀ ಉರಿಯುತ್ತದೆ, ಪತಂಗ ಎಲ್ಲ ಅದರ ಸುತ್ತ. ಆರಿಸಿ ನೋಡಲಾ?

ಮಿಸರಿ ಮನೆ, ಸಾಗರ:
ಆರಿಸಿ. ಬೇಕೇಬೇಕು ಅಂದರೆ ಹಳದಿ ಬೆಳಕಿನದ್ದು ಹಾಕಿ, ಕೆಳಮುಖವಾಗಿ. ಸೌತೆ ಏನಾಯಿತು?

ಹಿತ್ತಲಗಿಡ, ಶಿವಮೊಗ್ಗ:
ಕೈಯಲ್ಲಿ ಸವರಿದ ಸೌತೆ ಮಿಡಿಗಳು ಉದುರಿಲ್ಲ, ಉದ್ದ ಆಗುತ್ತಿವೆ. ಪೆಟ್ಟಿಗೆ ಸದ್ಯಕ್ಕೆ ಬೇಡ ಅಂತ ತೀರ್ಮಾನ ಮಾಡಿದೆ.

ಆಗುಂಬೆ ಮಳೆ:
ದೀಪದ ಮಾತು ಬಂತಲ್ಲ. ಹೆಜ್ಜೇನು ರಾತ್ರಿ ಜಗಲಿ ದೀಪಕ್ಕೆ ಬಂದು ನೆಲಕ್ಕೆಲ್ಲ ಬೀಳುತ್ತದೆ. ಬರಿಗಾಲಲ್ಲಿ ತುಳಿದರೆ ಗತಿ ಕೆಟ್ಟಿತು. ಹತ್ತಿರದ ಶಾಲೆ ಕಟ್ಟಡದ ಸಜ್ಜಾಕ್ಕೆ ಗೂಡು ಕಟ್ಟಿದೆ, ಬೆಂಕಿ ಹಾಕಿಸಬೇಕು ಅಂತ ಕೆಲವರು ಗಲಾಟೆ ಮಾಡುತ್ತಿದ್ದಾರೆ.

ಮಿಸರಿ ಮನೆ, ಸಾಗರ:
ಬೆಂಕಿ ಹಾಕಿಸಬೇಡಿ. ಕೆದಕಿದರೇ ಹೆಜ್ಜೇನು ಅಪಾಯ. ಮಕ್ಕಳು ಓಡಾಡುವ ಜಾಗ ಅಂದಮೇಲೆ ಸುಮ್ಮನೆ ಬಿಡಲೂ ಆಗುವುದಿಲ್ಲ. ಅರಣ್ಯ ಇಲಾಖೆಗೆ ತಿಳಿಸಿ ಗೊತ್ತಿದ್ದವರ ಕೈಯಲ್ಲಿ ರಾತ್ರಿ ಹೊತ್ತು ಸರಿಸಲಿ. ಅಲ್ಲಿಯವರೆಗೆ ಆ ಬದಿಯ ಬಾಗಿಲು ಮುಚ್ಚಿ, ಕಲ್ಲು ಹೊಡೆಯುವ ಹುಡುಗರ ಮೇಲೆ ಕಣ್ಣಿಡಿ. ಮನೆಯವರು ಕತ್ತಲಾದ ಮೇಲೆ ಗೂಡಿಗೆ ಎದುರಾಗುವ ದೀಪ ಆರಿಸಿದರೆ ಬೀಳುವುದು ತಾನಾಗಿಯೇ ಕಮ್ಮಿಯಾಗುತ್ತದೆ. ಊರಾಚೆ ಎತ್ತರದ ಮರದಲ್ಲಿ ಕಟ್ಟಿದ್ದರೆ ಅದರ ತಂಟೆಗೇ ಹೋಗಬೇಡಿ. ಅವು ಒಂದೇ ಕಡೆ ವರ್ಷವಿಡೀ ಕೂರುವುದಿಲ್ಲ, ಹೂವಿನ ಕಾಲ ನೋಡಿಕೊಂಡು ಘಟ್ಟಕ್ಕೂ ಬಯಲುಸೀಮೆಗೂ ಓಡಾಡುವ ಜೇನು.

ಡೇರೆಗೆಡ್ಡೆ, ಹೊಸನಗರ:
ನನ್ನ ಹತ್ತಿರ ಹುಚ್ಚೆಳ್ಳು ಬೀಜ, ಕರ್ಣಕುಂಡಲದ ಬೀಜ ಇವೆ. ಬೇಕಾದವರು ಹೇಳಿ, ಲಕೋಟೆಯಲ್ಲಿ ಹಾಕಿ ಕಳಿಸುತ್ತೇನೆ. ಬದಲಿಗೆ ಒಂದೆಸಳಿನ ಡೇರೆ ಗೆಡ್ಡೆ ಯಾರ ಮನೆಯಲ್ಲಿದ್ದರೂ ನನಗೆ ಬೇಕು. ಕೆಂಪಾದರೆ ಇನ್ನೂ ಒಳ್ಳೆಯದು.

ತೋಟದ ದಾರಿ, ತೀರ್ಥಹಳ್ಳಿ:
ಕೆಂಪು ನಮ್ಮನೆ ಬಾವಿಕಟ್ಟೆ ಹತ್ತಿರ ಇದೆ ಅಕ್ಕ. ಈಗ ಹೂವಿನಲ್ಲಿದೆ, ಗಿಡ ಒಣಗಿದ ಮೇಲೆ ಗೆಡ್ಡೆ ತೆಗೆದು ಕಳಿಸುತ್ತೇನೆ. ನನಗೆ ಹುಚ್ಚೆಳ್ಳು ಸ್ವಲ್ಪ ಜಾಸ್ತಿಯೇ ಹಾಕಿ, ಗದ್ದೆ ಅಂಚಿಗೂ ಚೆಲ್ಲಬೇಕು.